ಬೆನ್ನಿಗಾ, ಕ್ಯಾರಿಯರ್‌ಗಾ?

ಸೈಕಲ್ಲಲ್ಲಿ ಆಫೀಸಿಗೆ ಹೋಗುತ್ತೇನೆ ಅಂದರೆ ಜನ ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ. ಯಾವ ಸೈಕಲ್ಲು, ಎಷ್ಟು ಕೊಟ್ರಿ, ಸಿಲ್ಕ್ ಬೋರ್ಡ್ ಹೇಗೆ ದಾಟ್ತೀರಿ. ಲಗೇಜು ಎಲ್ಲಿಡ್ತೀರಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಉತ್ಸಾಹದಲ್ಲಿ ಸೈಕಲ್ ಕೊಂಡು ಎರಡೇ ವಾರಕ್ಕೆ ಅದನ್ನು ಬಾಲ್ಕನಿಗೆ ಸೇರಿಸಿದ ಎಷ್ಟೋ ಜನರನ್ನು ನೋಡಿದ್ದೇನೆ. ಟ್ರಾಫಿಕ್ ಅಂತ ಬೈಯುತ್ತಾರೆ, ಆದರೆ ಸ್ವಲ್ಪ ಕೆದಕಿದರೆ ಬೆನ್ನು ನೋವು, ಒದ್ದೆ ಶರ್ಟು, ಬ್ಯಾಗಿನ ಭಾರ ಇವೇ ಹೊರಗೆ ಬರುತ್ತವೆ.

ನನ್ನ ದಾರಿ ಬನಶಂಕರಿಯಿಂದ ಬೆಳ್ಳಂದೂರು, ಹೆಚ್ಚುಕಮ್ಮಿ 14 ಕಿ.ಮೀ. ಲ್ಯಾಪ್‌ಟಾಪು, ಚಾರ್ಜರು ಸೇರಿ ಎರಡು ಕೆ.ಜಿ., ಊಟದ ಡಬ್ಬಿ ಒಂದು, ನೀರು ಒಂದು, ಬೀಗ ಒಂದೂವರೆ, ಮೇಲೆ ಒಂದು ಜೊತೆ ಬಟ್ಟೆ, ಟವೆಲ್ಲು, ರೇನ್‌ಕೋಟು. ಏಳು ಕೆ.ಜಿ. ಸುಮ್ನೆ ಆಗಿಬಿಡುತ್ತದೆ. ಇಷ್ಟನ್ನೂ ಬೆನ್ನಿಗೆ ಹಾಕಿಕೊಂಡು ನಡೆದರೆ ಏನೂ ಅನಿಸುವುದಿಲ್ಲ. ಸೈಕಲ್ ಮೇಲೆ ಮುಂದಕ್ಕೆ ಬಾಗಿ ಕೂತಾಗ ಅದೇ ಭಾರ ಭುಜದಿಂದ ಅಂಗೈಗೆ ಇಳಿಯುತ್ತದೆ, ಉಳಿದದ್ದು ಸೀಟಿನ ಮೂಲಕ ಎಲ್ಲಿಗೆ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ, ಅಲ್ವಾ? ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ತಂಪು ಊರು ಅಂತೆಲ್ಲ ಹೇಳುತ್ತಾರೆ. ಬ್ಯಾಗು ಅಂಟಿಕೊಂಡಿರುವ ಬೆನ್ನಿಗೆ ಇದು ಯಾವುದೂ ಗೊತ್ತಾಗುವುದಿಲ್ಲ. ಡಿಸೆಂಬರಲ್ಲೂ ಬೆವರುತ್ತದೆ. ಗುಂಡಿ ತಪ್ಪಿಸಲು ಪಕ್ಕಕ್ಕೆ ವಾಲಿದಾಗ ಮೇಲಿರುವ ಭಾರ ಇನ್ನೊಂದು ಚೂರು ಜಾಸ್ತಿಯೇ ವಾಲಿಸುತ್ತದೆ, ಅದು ಬೇರೆ.

ಹಾಗಾಗಿ ನನ್ನ ಲೆಕ್ಕ ಸರಳ. ಭಾರದ ಸಾಮಾನು ಸೈಕಲ್ ಹೊರಲಿ, ನಾಜೂಕಿನ ಸಾಮಾನು ನಾನು ಹೊರುತ್ತೇನೆ.

ಇದೇನು ಹೊಸ ವಿದ್ಯೆಯಲ್ಲ. ಹಾಲಿನವರು ಕ್ಯಾರಿಯರ್‌ನ ಎರಡೂ ಬದಿಗೆ ಕ್ಯಾನು ನೇತು ಹಾಕುತ್ತಿದ್ದರು, ಈಗಲೂ ಸಣ್ಣ ಊರುಗಳಲ್ಲಿ ಹಾಕುತ್ತಾರೆ. ಭಾರ ಎರಡು ಕಡೆ ಸಮ, ಚಕ್ರದ ಅಚ್ಚಿನ ಹತ್ತಿರ, ಕೆಳಗೆ. ಇವತ್ತು ಪ್ಯಾನಿಯರ್ ಅಂತ ಮಾರುವ ಬ್ಯಾಗುಗಳದ್ದೂ ಇದೇ ಉಪಾಯ. ತಮಾಷೆ ಏನೆಂದರೆ ಹಳೇ ಕಪ್ಪು ಸೈಕಲ್ಲಿಗೆ ಕ್ಯಾರಿಯರ್ ಜೊತೆಗೇ ಬರುತ್ತಿತ್ತು, ಅದರ ಹತ್ತು ಪಟ್ಟು ದುಡ್ಡು ಕೊಟ್ಟು ತಂದ ಗೇರ್ ಸೈಕಲ್ಲಿಗೆ ಕ್ಯಾರಿಯರ್ ಕೂರಿಸಲು ತೂತೇ ಇರುವುದಿಲ್ಲ. ಕೊಳ್ಳುವ ಮೊದಲೇ ಹಿಂದಿನ ಚಕ್ರದ ಅಚ್ಚಿನ ಹತ್ತಿರ ಮತ್ತು ಸೀಟಿನ ಕೆಳಗೆ, ಎರಡೂ ಕಡೆ ಬೋಲ್ಟ್ ಹಾಕುವ ತೂತು ಇದೆಯಾ ನೋಡಿಕೊಳ್ಳಿ. ಡಿಸ್ಕ್ ಬ್ರೇಕ್ ಇದ್ದರೆ ಕ್ಯಾರಿಯರ್‌ನ ಕಾಲು ಬ್ರೇಕಿಗೆ ತಾಗುತ್ತದಾ ಅಂತಲೂ ನೋಡಿ. ಸೀಟಿನ ಕಂಬಕ್ಕೆ ಬಿಗಿಯುವ ಕ್ಯಾರಿಯರ್ ಸಿಗುತ್ತದೆ, ಆದರೆ ಅದು ತಡೆಯುವುದು ಕಮ್ಮಿ ಭಾರ, ಮತ್ತೆ ಅದು ಮೆಲ್ಲಗೆ ಪಕ್ಕಕ್ಕೆ ತಿರುಗುತ್ತಾ ಹೋಗುತ್ತದೆ. ನನಗಂತೂ ಬೇಡ.

ಕ್ಯಾರಿಯರ್ ಬಂದ ಮೇಲೆ ಕಟ್ಟುವುದಕ್ಕೆ ಅತ್ಯುತ್ತಮ ವಸ್ತು ಪಂಚರ್ ಅಂಗಡಿಯಲ್ಲಿ ಬಿದ್ದಿರುತ್ತದೆ. ಹಳೇ ಟ್ಯೂಬು. ಎರಡು ಬೆರಳಗಲಕ್ಕೆ ಉದ್ದುದ್ದ ಸೀಳಿಸಿಕೊಳ್ಳಿ. "ಅಣ್ಣಾ, ಕ್ಯಾರಿಯರ್‌ಗೆ ಕಟ್ಟೋಕೆ" ಅಂದರೆ ಸಾಕು, ಹೆಚ್ಚಿನವರು ದುಡ್ಡೂ ಕೇಳುವುದಿಲ್ಲ. ಒಂದು ತುದಿಯನ್ನು ಕ್ಯಾರಿಯರ್ ಕಂಬಿಗೆ ಗಂಟು ಹಾಕಿ, ಬ್ಯಾಗಿನ ಮೇಲೆ ಎಳೆದು, ಆ ಕಡೆಯ ಕಂಬಿಯ ಕೆಳಗಿಂದ ತಂದು, ಮತ್ತೊಂದು ಸುತ್ತು ಎಳೆದು, ಉಳಿದ ತುದಿಯನ್ನು ಸುತ್ತಿನ ಒಳಗೇ ತುರುಕಬೇಕು. ತುರುಕುವುದೇ ಮುಖ್ಯ. ಬಾಲ ನೇತಾಡಿದರೆ ಕಡ್ಡಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕೊಕ್ಕೆ ಇರುವ ಬಂಜಿ ಹಗ್ಗಕ್ಕಿಂತ ನನಗೆ ಇದೇ ವಾಸಿ, ಕೊಕ್ಕೆ ಎಗರಿ ಮುಖಕ್ಕೆ ಬಡಿಯುವ ಭಯವಿಲ್ಲ.

ದಿನಾ ಹೋಗುವವರಿಗೆ ಪ್ಯಾನಿಯರ್ ಆರಾಮ, ಒಪ್ಪುತ್ತೇನೆ. ಕಂಬಿಗೆ ಸಿಕ್ಕಿಸು, ತೆಗೆ, ಅಷ್ಟೇ. ಆದರೆ ಅಂಗಡಿಯಲ್ಲಿ ಯಾರೂ ಹೇಳದ ಎರಡು ವಿಷಯ ಇವೆ. ಒಂದು, ಹಿಮ್ಮಡಿ. ನಮ್ಮ ಪಾದ ಉದ್ದವಿದ್ದು ಸೈಕಲ್ ಗಿಡ್ಡವಿದ್ದರೆ ಪೆಡಲ್ ತುಳಿದಾಗಲೆಲ್ಲ ಹಿಮ್ಮಡಿ ಬ್ಯಾಗಿಗೆ ಬಡಿಯುತ್ತದೆ, ಆಗ ಬ್ಯಾಗನ್ನು ಆದಷ್ಟು ಹಿಂದಕ್ಕೆ ಸರಿಸಿ ಸಿಕ್ಕಿಸಬೇಕು. ಎರಡನೆಯದು ಸ್ಟ್ಯಾಂಡು. ಸೈಡ್ ಸ್ಟ್ಯಾಂಡ್ ಎಡಕ್ಕಿರುತ್ತದೆ, ಒಂದೇ ಬ್ಯಾಗನ್ನು ಎಡಕ್ಕೆ ಹಾಕಿ ನಿಲ್ಲಿಸಿದರೆ ಮುಂದಿನ ಚಕ್ರ ತಿರುಗಿ ಸೈಕಲ್ಲು ಹಾಗೇ ಮಲಗುತ್ತದೆ. ಗೋಡೆಗೆ ಒರಗಿಸಿ ಬ್ಯಾಗು ಹಾಕುವುದು ಒಳ್ಳೆಯದು. ಆಮೇಲೆ ಈ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಆಫೀಸಿನ ಒಳಗೆ ನಡೆಯುವುದು ಸ್ವಲ್ಪ ಮುಜುಗರವೇ, ಕೊಕ್ಕೆ ಪಕ್ಕೆಗೆ ಚುಚ್ಚುತ್ತದೆ, ತಳದ ಕೆಸರು ಪ್ಯಾಂಟಿಗೆ ಮೆತ್ತುತ್ತದೆ. ನಮ್ಮ ಗೇಟಿನ ಸೆಕ್ಯೂರಿಟಿಯವರು ಒಮ್ಮೆ ಕೇಳಿಯೇಬಿಟ್ಟರು, "ಏನ್ ಸಾರ್, ಪೋಸ್ಟಾ?"

ಮುಂದಿನ ಬುಟ್ಟಿ ಸೊಪ್ಪು ತರುವುದಕ್ಕೆ ಸರಿ. ಹ್ಯಾಂಡಲ್‌ಗೆ ಚೀಲ ನೇತು ಹಾಕುವುದಂತೂ ಬೇಡವೇ ಬೇಡ, ಅದು ಮುಂದಿನ ಚಕ್ರದೊಳಗೆ ಹೋದರೆ ನಾವು ಹ್ಯಾಂಡಲ್ ಮೇಲಿಂದ ಹೋಗುತ್ತೇವೆ.

ಲ್ಯಾಪ್‌ಟಾಪ್ ಮಾತ್ರ ನಾನು ಬೆನ್ನಿಗೇ ಹಾಕಿಕೊಳ್ಳುವುದು. ಇದಕ್ಕೆ ಎಲ್ಲರೂ ಒಪ್ಪುವುದಿಲ್ಲ. ಈಗಿನ ಲ್ಯಾಪ್‌ಟಾಪಿನಲ್ಲಿ ತಿರುಗುವ ಡಿಸ್ಕ್ ಇಲ್ಲ, ಎಸ್‌ಎಸ್‌ಡಿ, ಕುಲುಕಿದರೆ ಏನೂ ಆಗಲ್ಲ ಅನ್ನುತ್ತಾರೆ, ಅದು ನಿಜವೂ ಹೌದು. ಆದರೆ ನಮ್ಮ ಹಂಪುಗಳನ್ನು ನೋಡಿದ್ದೀರಲ್ಲ, ಬಣ್ಣವಿಲ್ಲ, ಬೋರ್ಡಿಲ್ಲ, ಒಂದರ ಹಿಂದೆ ಐದು. ಆಗ ನಾವು ಸೀಟಿನಿಂದ ಸ್ವಲ್ಪ ಏಳುತ್ತೇವೆ, ಮೊಣಕಾಲು, ಮೊಣಕೈ ಏಟನ್ನು ತಿನ್ನುತ್ತವೆ. ಕ್ಯಾರಿಯರ್‌ಗೆ ಮೊಣಕಾಲಿಲ್ಲ. ಸ್ಕ್ರೀನು ಹೋದರೆ ಎಚ್‌ಆರ್‌ಗೆ ವಿವರಣೆ ಬರೆಯಬೇಕಾದವರೂ ನಾವೇ. ಎರಡು ಕೆ.ಜಿ. ಮಾತ್ರ ಇರುವ ತೆಳ್ಳನೆ ಬ್ಯಾಗು, ಎದೆಗೆ ಒಂದು ಪಟ್ಟಿ, ಅಷ್ಟಾದರೆ ಬೆನ್ನಿಗೂ ಗಾಳಿಯಾಡುತ್ತದೆ.

ಇನ್ನು ಬುತ್ತಿ. ರಬ್ಬರ್ ರಿಂಗಿದೆ, ಕ್ಲಿಪ್ಪಿದೆ ಅಂತ ಎಷ್ಟೇ ಜಾಹೀರಾತು ಕೊಡಲಿ, ಬಿಸಿ ಸಾರು ತುಂಬಿದ ಡಬ್ಬಿ ಸೈಕಲ್ ಮೇಲೆ ಗಂಟೆ ಹೊತ್ತು ಕುಲುಕಿದರೆ ಮುಚ್ಚಳದ ಸುತ್ತ ಒಂದು ಕೆಂಪು ಎಣ್ಣೆಯ ಗೆರೆ ಮೂಡಿಯೇ ಮೂಡುತ್ತದೆ, ಆ ವಾಸನೆ ಟವೆಲ್ಲಿನಿಂದ ಮೂರು ಒಗೆತಕ್ಕೂ ಹೋಗುವುದಿಲ್ಲ. ಸೈಕಲ್ಲಿಗೆ ಹೇಳಿ ಮಾಡಿಸಿದ್ದು ಚಿತ್ರಾನ್ನ, ಪುಳಿಯೋಗರೆ, ಚಪಾತಿ ಪಲ್ಯ. ಮೊಸರನ್ನ ಬೇಕೇ ಬೇಕೆಂದರೆ ಗಟ್ಟಿಯಾಗಿ ಕಲಸಿ, ಹಾಲು ಜಾಸ್ತಿ ಹಾಕಿ ಹೆಪ್ಪು ಕಮ್ಮಿ ಮಾಡಿ, ಡಬ್ಬಿಯನ್ನು ನೆಟ್ಟಗೆ ನಿಲ್ಲುವಂತೆ ಬಟ್ಟೆಯ ಮಧ್ಯೆ ಸಿಕ್ಕಿಸಿ.

ಮಳೆ ವಿಷಯಕ್ಕೆ ಬಂದರೆ, ಏಪ್ರಿಲ್, ಮೇನಲ್ಲಿ ಗುಡುಗು ಮಳೆ, ಸೆಪ್ಟೆಂಬರ್, ಅಕ್ಟೋಬರಲ್ಲಿ ಸಂಜೆ ಜಡಿಮಳೆ, ಎಲ್ಲ ಸರಿಯಾಗಿ ಆಫೀಸು ಬಿಡುವ ಹೊತ್ತಿಗೇ. ಬ್ಯಾಗಿನ ಮೇಲೆ ಹಾಕುವ ಕವರ್ ಮೇಲಿನ ನೀರನ್ನಷ್ಟೇ ತಡೆಯುತ್ತದೆ, ಚಕ್ರ ಎರಚುವ ನೀರು ಕೆಳಗಿಂದ ಬರುತ್ತದೆ. ಹಾಗಾಗಿ ಮೊದಲು ಮಡ್‌ಗಾರ್ಡ್, ಆಮೇಲೆ ಒಳಗಿನ ಸಾಮಾನಿಗೆ ದಪ್ಪ ಪ್ಲಾಸ್ಟಿಕ್ ಕವರ್. ಬಾಯಿಯನ್ನು ಸುರುಳಿ ಸುತ್ತಿ ಬಿಗಿಯುವ ಜರ್ಮನಿಯ ಆರ್ಟ್‌ಲೀಬ್‌ನಂಥ ಬ್ಯಾಗುಗಳು ಈ ಕೆಲಸವನ್ನು ಚೆನ್ನಾಗಿ ಮಾಡುತ್ತವೆ, ಆದರೆ ಆ ಜೋಡಿಯ ಬೆಲೆಗೆ ಇಲ್ಲಿ ಒಂದು ಸೈಕಲ್ಲೇ ಬರುತ್ತದೆ.

ಅಷ್ಟು ಖರ್ಚು ಮಾಡುವ ಮೊದಲು ಭಾರವನ್ನೇ ಇಳಿಸಿ. ಬೀಗವನ್ನು ಆಫೀಸಿನ ಸ್ಟ್ಯಾಂಡಿಗೇ ಹಾಕಿ ಬಿಟ್ಟು ಬರಬಹುದು, ನಡುವೆ ಎಲ್ಲೂ ನಿಲ್ಲಿಸದಿದ್ದರೆ ಅದನ್ನು ಹೊತ್ತು ತಿರುಗುವುದು ಯಾಕೆ? ಇನ್ನೊಂದು ಚಾರ್ಜರ್ ಕೇಳಿ, ಕೊಡುತ್ತಾರೆ. ಶೂ, ಬೆಲ್ಟು ಡ್ರಾಯರಲ್ಲಿ ಇರಲಿ. ಸೋಮವಾರ ಬಸ್ಸಲ್ಲಿ ಹೋಗಿ ವಾರದ ಬಟ್ಟೆ ಇಟ್ಟು, ಶುಕ್ರವಾರ ಕೊಳೆಬಟ್ಟೆಗಳನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ಬನ್ನಿ.