ಮಕ್ಕಳಿರುವ ಮನೆಗೆ ಯಾವ ತಳಿಯ ನಾಯಿ?

ಈ ಪ್ರಶ್ನೆ ಕೇಳಿದರೆ ಮೊದಲು ಬರುವ ಉತ್ತರ ಲ್ಯಾಬ್ರಡಾರ್. ತಪ್ಪೇನಲ್ಲ. ಆದರೆ ಹಾಗೆನ್ನುವವರ ಕಣ್ಣ ಮುಂದಿರುವುದು ಸೋಫಾ ಪಕ್ಕ ಸುಮ್ಮನೆ ಬಿದ್ದುಕೊಂಡಿರುವ ಐದು ವರ್ಷದ ಲ್ಯಾಬ್. ನಿಮ್ಮ ಮನೆಗೆ ಬರುವುದು 8 ವಾರದ ಮರಿ. ಹತ್ತು ತಿಂಗಳಿಗೆ ಅದು 25 ಕಿಲೋ ದಾಟಿರುತ್ತದೆ, ಬುದ್ಧಿ ಮಾತ್ರ ಇನ್ನೂ ಮರಿಯದ್ದೇ. ಎರಡು ವರ್ಷದ ಮಗುವನ್ನು ಕೆಡವಲು ಅದು ಮೈಮೇಲೆ ಹಾರಬೇಕಿಲ್ಲ, ಬಾಲ ಬೀಸಿದರೆ ಸಾಕು. ಮನೆಯ ಕಿರಿಯ ಮಗುವಿಗೆ ಇನ್ನೂ ಮೂರು ತುಂಬಿಲ್ಲವೆಂದರೆ ಸ್ವಲ್ಪ ಕಾಯಿರಿ, ಇಲ್ಲವೇ ಮಕ್ಕಳ ಜೊತೆ ಬೆಳೆದ, ಸ್ವಭಾವ ಗೊತ್ತಿರುವ ದೊಡ್ಡ ನಾಯಿಯನ್ನೇ ತನ್ನಿ. ಅದು ತಳಿಯದ್ದೇ ಆಗಬೇಕೆಂದೇನಿಲ್ಲ.

ತಳಿ ನೋಡುವಾಗ ಅದರ ಹಳೆಯ ಕಸುಬು ಏನಿತ್ತು ಎಂದು ವಿಚಾರಿಸಿ. ಬಾರ್ಡರ್ ಕೋಲಿ ಕುರಿ ಅಟ್ಟುವ ನಾಯಿ. ಕುರಿ ಇಲ್ಲದ ಮನೆಯಲ್ಲಿ ಓಡುವ ಮಕ್ಕಳೇ ಅದಕ್ಕೆ ಕುರಿ. ಹಿಮ್ಮಡಿಗೆ ಬಾಯಿ ಹಾಕುತ್ತದೆ. ಬೀಗಲ್ ಗುಂಪಿನಲ್ಲಿ ಮೊಲ ಬೇಟೆಯಾಡುತ್ತಿದ್ದ ನಾಯಿ, ಹಾಗಾಗಿ ಗಲಾಟೆಗೆ ಒಗ್ಗುತ್ತದೆ. 10 ಕಿಲೋ ಆಸುಪಾಸಿನ ಗಟ್ಟಿ ಮೈ. ಆದರೆ ವಾಸನೆ ಹಿಡಿದರೆ ಕರೆದದ್ದು ಕೇಳಿಸುವುದಿಲ್ಲ, ಊಳಿಡುವುದನ್ನು ಅಕ್ಕಪಕ್ಕದವರೂ ಸಹಿಸಬೇಕು. ಗೋಲ್ಡನ್ ರಿಟ್ರೀವರ್ ಸ್ವಭಾವದಲ್ಲಿ ಚಿನ್ನವೇ, ದಿನಾ ಕೂದಲು ಗುಡಿಸುವ ತಾಳ್ಮೆ ಇರಲಿ.

ಚಿಕ್ಕ ಮಕ್ಕಳಿಗೆ ಚಿಕ್ಕ ನಾಯಿ ಎಂಬ ಲೆಕ್ಕ ಮಾತ್ರ ತಲೆಕೆಳಗು. ಚಿಹುವಾಹುವಾ, ಪುಟ್ಟ ಪೊಮೆರೇನಿಯನ್‌ಗಳ ಮುಂಗಾಲಿನ ಮೂಳೆ ಬಲು ತೆಳು, ಮಗುವಿನ ತೋಳಿಂದ ಜಾರಿದರೂ ಮುರಿಯಬಹುದು. ನೋವಾದ ನಾಯಿ ಮುಂದಿನ ಸಲ ಎತ್ತಲು ಬಂದ ಕೈಗೇ ಬಾಯಿ ಹಾಕುತ್ತದೆ. ಡ್ಯಾಷ್‌ಹಂಡ್‌ಗೆ ಬೆನ್ನುಹುರಿಯ ತೊಂದರೆ ತಳಿಯಲ್ಲೇ ಇದೆ. ಮಕ್ಕಳು ಮುಂಗಾಲು ಹಿಡಿದೆತ್ತಿದರೆ ಹಿಂಭಾಗ ಜೋತುಬಿದ್ದು ಬೆನ್ನಿಗೆ ಪೆಟ್ಟು. ಪಗ್ ಮಕ್ಕಳೊಂದಿಗೆ ಚೆನ್ನಾಗಿರುತ್ತದೆ, ಪಾಪ, ಚಪ್ಪಟೆ ಮೂಗಿನಿಂದ ಉಸಿರಾಡುವುದೇ ಕಷ್ಟ. ಬಿಸಿಲಲ್ಲಿ ಮಕ್ಕಳ ಸಮ ಓಡಿಸಿದರೆ ಜೀವಕ್ಕೇ ಅಪಾಯ.

ತಳಿ ಗೊತ್ತುಮಾಡಿಕೊಂಡ ಮೇಲೆ ಮರಿಗಿಂತ ಮೊದಲು ಅದರ ತಾಯಿಯನ್ನು ನೋಡಿ. ತಾಯಿಯನ್ನು ತೋರಿಸಲು ನೆಪ ಹೇಳುವವರಿಂದ ಮರಿ ತರಲೇಬೇಡಿ. ಹೊಸಬರನ್ನು ಕಂಡು ಮೂಲೆ ಸೇರುವ ಅಥವಾ ಹಲ್ಲು ತೋರುವ ತಾಯಿಯ ಮರಿಗಳಿಗೂ ಆ ಅಂಜಿಕೆ ಬಂದಿರುವ ಸಂಭವ ಹೆಚ್ಚು. ಲ್ಯಾಬ್, ಗೋಲ್ಡನ್ ಆದರೆ ತಂದೆತಾಯಿಯ ಸೊಂಟದ ಕೀಲಿನ ಎಕ್ಸ್‌ರೇ ವರದಿ ಕೇಳಿ. ಆಮೇಲೆ ಮರಿಯನ್ನು ಎತ್ತಿ, ಅದರ ಕಾಲ್ಬೆರಳ ಸಂದು ಮೆಲ್ಲಗೆ ಒತ್ತಿ, ಕೆಳಗಿಟ್ಟು ಪಕ್ಕದಲ್ಲಿ ಒಂದು ಬೀಗದ ಕೈ ಗೊಂಚಲು ಬೀಳಿಸಿ. ಬೆಚ್ಚಿಬಿದ್ದರೆ ಚಿಂತೆಯಿಲ್ಲ. ಕೆಲವೇ ಕ್ಷಣದಲ್ಲಿ ಹಿಂದಿರುಗಿ ಗೊಂಚಲು ಮೂಸುವ ಮರಿ ನಿಮ್ಮದು. ಎಲ್ಲರಿಗಿಂತ ಮೊದಲು ಓಡಿಬಂದು ಬೆರಳು ಕಚ್ಚಿ ಬಿಡದ ಮರಿ ಮುದ್ದೆನಿಸುತ್ತದೆ. ಮೊದಲ ಸಲ ನಾಯಿ ಸಾಕುವವರಿಗೆ ಅದು ಬೇಡ.

ಎಂಥ ಒಳ್ಳೆಯ ತಳಿಯೂ ಕಚ್ಚುವ ಸಂದರ್ಭಗಳಿವೆ: ಉಣ್ಣುವಾಗ, ಮಲಗಿದ್ದಾಗ, ಮಗು ಕುತ್ತಿಗೆ ಬಳಸಿ ಹಿಡಿದಾಗ. ಮಗು ನಾಯಿಯನ್ನು ತಬ್ಬಿಕೊಂಡ ಫೋಟೋಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಎಷ್ಟೋ ಫೋಟೋಗಳಲ್ಲಿ ನಾಯಿಯ ಮುಖ ಆಚೆ ತಿರುಗಿರುತ್ತದೆ, ಬಾಯಿ ಬಿಗಿದಿರುತ್ತದೆ, ಕಣ್ಣಂಚಿನ ಬಿಳಿ ಕಾಣುತ್ತದೆ. ‘ಬಿಡು’ ಎಂದು ಅದು ಹೇಳಿಯಾಗಿದೆ. ಆಮೇಲಿನದು ಗುರ್ ಎನ್ನುವುದು. ಅದಕ್ಕೆ ಗದರಿದರೆ ಗುರ್ ಎನ್ನುವುದನ್ನು ಬಿಟ್ಟು ನೇರ ಕಚ್ಚುವುದನ್ನು ಕಲಿಯುತ್ತದೆ. ಗದರುವ ಬದಲು ಮಗುವನ್ನು ಈಚೆ ಕರೆಯಿರಿ.

ಹತ್ತು ವರ್ಷದ ಮಗನಾದರೂ 30 ಕಿಲೋ ನಾಯಿಯ ಹಗ್ಗವನ್ನು ಅವನೊಬ್ಬನ ಕೈಗೆ ಕೊಡಬೇಡಿ. ಬೆಕ್ಕು ಕಂಡರೆ ಎಳೆದುಕೊಂಡೇ ಹೋಗುತ್ತದೆ. ಮಗ ಹಟ ಹಿಡಿದರೆ ನಾಯಿಯ ಎದೆಪಟ್ಟಿಗೆ ಎರಡು ಹಗ್ಗ ಹಾಕಿ, ಒಂದು ಅವನಿಗೆ, ಇನ್ನೊಂದು ನಿಮ್ಮ ಕೈಯಲ್ಲಿ.