ಹಸಿರು ಬಿಲ್ಲೆ ಕೊನೆಗೂ ಬಾಯಿಬಿಟ್ಟಿತು

ಓದಿದೆ. ಚಳಿಗಾಲ ಪೂರ್ತಿ ಮೇಜಿನ ಮೇಲೆ ಕೂತು ನನ್ನ ತಲೆ ತಿಂದ ತಾಮ್ರದ ಬಿಲ್ಲೆ, ನಾನು ಅಂದುಕೊಂಡಿದ್ದ ಹಾಗೆ ಇಂಗ್ಲೆಂಡಿನ ಹಳೇ ಚಿಲ್ಲರೆ ನಾಣ್ಯ ಹಾಫ್‌ಪೆನ್ನಿ ಅಲ್ಲವೇ ಅಲ್ಲ. ಏನು ಅಂತ ಆಮೇಲೆ ಹೇಳುತ್ತೇನೆ. ಅದು ಕೊಟ್ಟ ಕಾಟವನ್ನು ಮೊದಲು ಕೇಳಲೇಬೇಕು.

ಹುಡುಕಿದ ಕಥೆ ಬೇಡ, ಅದರಲ್ಲಿ ಏನೂ ಇಲ್ಲ. ಇಂಗ್ಲೆಂಡಿನ ಎಸೆಕ್ಸ್‌ನ ಅದೇ ಹೊಲ, ಅದೇ ರೈತರ ಪರ್ಮಿಷನ್, ಬೂಟಿಗೆ ಅಂಟಿದರೆ ಬಿಡದ ಅದೇ ಜೇಡಿಮಣ್ಣು. ಮೆಟಲ್ ಡಿಟೆಕ್ಟರನ್ನು ಯಾವ ಕಡೆಯಿಂದ ಬೀಸಿದರೂ ಅದರ ಪರದೆಯ ಅಂಕೆ ಅಲ್ಲಾಡಲಿಲ್ಲ. ಗೇಣುದ್ದ ತೋಡಿದೆ, ಸಿಕ್ಕಿತು. ಈ ಕಡೆ ತಾಮ್ರದ ಬಿಲ್ಲೆಗಳಿಗೆ ಬರಗಾಲವಿಲ್ಲ. ಹಿಂದೆ ಲಂಡನ್ನಿನ ಬೀದಿ ಕಸ, ಕುದುರೆ ಲದ್ದಿ, ಕಕ್ಕಸು ಗುಂಡಿಯ ಗೊಬ್ಬರ ಎಲ್ಲವನ್ನೂ ಥೇಮ್ಸ್ ನದಿಯ ದೋಣಿಗಳಲ್ಲಿ ತುಂಬಿ ಎಸೆಕ್ಸ್, ಕೆಂಟ್ ಹೊಲಗಳಿಗೆ ತರುತ್ತಿದ್ದರು. ಅದರೊಳಗೆ ಲಂಡನ್ನಿನವರು ಕಳೆದುಕೊಂಡ ಗುಂಡಿ, ಬಕಲ್, ಚಿಲ್ಲರೆ ಎಲ್ಲ ಸೇರಿಕೊಂಡು ಬರುತ್ತಿತ್ತು. ಹಾಗಾಗಿ ನಾವು ಹೊಲದಲ್ಲಿ ಹುಡುಕುವುದರಲ್ಲಿ ಅರ್ಧ ಭಾಗ ಲಂಡನ್ನಿನ ಹಳೇ ಕಸವೇ.

ಬೆಳ್ಳಿ ಸಿಕ್ಕರೆ ಕಷ್ಟವಿಲ್ಲ. ಮಣ್ಣು ತೊಳೆದರೆ ಸಾಕು, ರಾಜ ಎದ್ದು ಕೂರುತ್ತಾನೆ. ತಾಮ್ರ ಹಾಗಲ್ಲ. ರಸಗೊಬ್ಬರ ಬಿದ್ದ ಹೊಲದಲ್ಲಿ ಮೇಲ್ಮೈಯೆಲ್ಲ ಹುಳುಕು ಹಿಡಿಯುತ್ತದೆ. ನನ್ನದಂತೂ ಒಂದು ಮುಖ ಕಂದು, ಇನ್ನೊಂದು ಮುಖ ಅರ್ಧ ಹಸಿರು ಅರ್ಧ ಕಪ್ಪು, ಅಂಚಿನಲ್ಲಿ ನೇಗಿಲು ತಾಗಿದ ಒಂದು ಕಚ್ಚು. ಅಕ್ಷರ ಅನ್ನುವಂಥದ್ದು ಬರಿಗಣ್ಣಿಗೆ ಒಂದೂ ಇಲ್ಲ.

ಫೋನಿನಲ್ಲಿ ತೋರಿಸಿದಾಗ ಅಮ್ಮ ಕೊಟ್ಟ ಸಲಹೆ: 'ಸ್ವಲ್ಪ ಹುಣಸೆಹಣ್ಣು ಹಾಕಿ ತಿಕ್ಕೋ, ಫಳಫಳ ಅನ್ನುತ್ತೆ.' ಅನ್ನುತ್ತೆ, ನಿಜ. ದೇವರ ಮನೆ ಚೊಂಬಿಗೆ ಅದು ಸರಿ. ಇಂಥ ಬಿಲ್ಲೆಯಲ್ಲಿ ಅಕ್ಷರ ಉಳಿದಿರುವುದೇ ಮೇಲಿನ ಆ ಕಂದು-ಹಸಿರು ಪದರದಲ್ಲಿ. ಹುಳಿ ಬಿದ್ದರೆ ಮೊದಲು ಕರಗುವುದೂ ಅದೇ. ಆಮೇಲೆ ಕೈಯಲ್ಲಿ ಉಳಿಯುವುದು ಹೊಳೆಯುವ, ತೂತು ತೂತಾದ, ಏನೂ ಹೇಳದ ತಾಮ್ರದ ತಗಡು. ವಿನೆಗರ್, ನಿಂಬೆಹಣ್ಣು, ಕೋಲಾ ಅಂತ ಸಲಹೆ ಕೊಡುವವರಿಗೂ ಇದೇ ಉತ್ತರ. ಡಿಸ್ಟಿಲ್ಡ್ ನೀರು, ಮರದ ಕಡ್ಡಿ, ಮೆದು ಬ್ರಷ್, ತಾಳ್ಮೆ. ಅಷ್ಟೇ.

ಅಳತೆಗೆ ಬರೋಣ. ವ್ಯಾಸ 30 ಮಿ.ಮೀ. ಗಿಂತ ಕೂದಲೆಳೆ ಜಾಸ್ತಿ. ತೂಕ 8.5 ಗ್ರಾಂ. ತಲೆನೋವು ಶುರುವಾಗಿದ್ದೇ ಇಲ್ಲಿ. ಮೂರನೇ ಜಾರ್ಜ್‌ನ 1806-07ರ ಹಾಫ್‌ಪೆನ್ನಿ ಹೊಸದಾಗಿದ್ದಾಗ ಸುಮಾರು 9.4 ಗ್ರಾಂ. ಸವೆದು, ಕೊಳೆತು 8.5ಕ್ಕೆ ಇಳಿದಿದೆ ಅಂದರೆ ಒಪ್ಪಬಹುದು. ಆದರೆ ಅದರ ವ್ಯಾಸ 29ರ ಆಸುಪಾಸು. ತಾಮ್ರ ಮಣ್ಣಿನಲ್ಲಿ ಸೊರಗುತ್ತದೆಯೇ ಹೊರತು ಅಗಲವಾಗುವುದಿಲ್ಲ, ಅಲ್ವಾ? ಸರಿ, 1799ರ ಹಾಫ್‌ಪೆನ್ನಿ ಇರಬಹುದು ಅಂದುಕೊಂಡೆ, ಅದು 30 ದಾಟುತ್ತದೆ. ಆದರೆ ಅದರ ತೂಕ 12.6 ಗ್ರಾಂ. ಮೂರನೇ ಒಂದು ಭಾಗ ತೂಕ ಕಳೆದುಕೊಂಡ ಬಿಲ್ಲೆಯ ಅಂಚು ಇಷ್ಟು ನೆಟ್ಟಗೆ ಉಳಿಯಲು ಸಾಧ್ಯವಿಲ್ಲ. ಇನ್ನು ಖೋಟಾ ನಾಣ್ಯ? ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಖೋಟಾ ಹಾಫ್‌ಪೆನ್ನಿಗಳ ಹಾವಳಿ ವಿಪರೀತವಿತ್ತು. ಆದರೆ ಖೋಟಾ ಮಾಡುವವರು ಇಷ್ಟು ಸಮವಾದ ದುಂಡು ಕೊಡುವುದು ಅಪರೂಪ. ಇದು ಯಂತ್ರದಲ್ಲಿ ಬಿದ್ದ ಏಟು.

ಟಾರ್ಚ್ ಓರೆಯಾಗಿ ಹಿಡಿದು ನೋಡಿದೆ. ಹಾಫ್‌ಪೆನ್ನಿಯ ಹಿಂಬದಿಯ ಹೆಣ್ಣುರೂಪ ಬ್ರಿಟಾನಿಯಾ ಕೂತಿರಬೇಕಾದ ಕಡೆ ಕೊಂಕು ಕೊಂಕಾದ ಗೀರುಗಳು. ನೇಗಿಲ ಗೀರು ಅಂತ ಕೈಬಿಡೋಣವೆಂದರೆ ನೇಗಿಲು ಇಷ್ಟು ಚೆಂದವಾಗಿ ಬಾಗಿಸಿ ಗೀಚುವುದಿಲ್ಲ. ಬೆಳಕು ಒಂದು ಚೂರು ತಗ್ಗಿಸಿದರೆ ಹುಳುಕಿನ ಗುಂಡಿಗಳ ನೆರಳೇ ಎಲ್ಲವನ್ನೂ ನುಂಗುತ್ತದೆ. ಎತ್ತಿದರೆ ಹಸಿರು-ಕಪ್ಪು ಮಚ್ಚೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಕಣ್ಣು ಬಣ್ಣವನ್ನೇ ಆಕಾರ ಅಂದುಕೊಳ್ಳುತ್ತದೆ, ಅದೇ ದೊಡ್ಡ ಮೋಸ. ಒಂದು ರಾತ್ರಿ ಮೂಗು ಕಂಡಿತು, ಮರುದಿನ ಅದೇ ಮೂಗು ಕುರ್ಚಿಯಾಗಿತ್ತು.

ಹೀಗಾಗಿ ಆರ್‌ಟಿಐ ಮೊರೆ ಹೋದೆ. ಮಾಹಿತಿ ಹಕ್ಕಿನದ್ದಲ್ಲ, ಫೋಟೋದ್ದು: ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಷನ್ ಇಮೇಜಿಂಗ್. ಉತ್ತರ ಬರಲು ಹೊತ್ತು ಮಾತ್ರ ಎರಡರಲ್ಲೂ ಅಷ್ಟೇ. 2001ರಲ್ಲಿ ಎಚ್‌ಪಿ ಲ್ಯಾಬ್ಸ್‌ನ ಟಾಮ್ ಮಾಲ್ಜ್‌ಬೆಂಡರ್ ಹೊರತಂದ ಉಪಾಯ ಇದರ ಮೂಲ. ಕ್ಯಾಮೆರಾ ಮೇಲೆ, ನಾಣ್ಯ ಕೆಳಗೆ, ಎರಡೂ ಅಲ್ಲಾಡಬಾರದು. ಬೆಳಕು ಮಾತ್ರ ಸುತ್ತಬೇಕು, ಪ್ರತಿ ಜಾಗಕ್ಕೂ ಒಂದು ಫೋಟೋ. ನಾಣ್ಯದ ಪಕ್ಕ ಹೊಳೆಯುವ ಒಂದು ಕಪ್ಪು ಗುಂಡು ಇಡಬೇಕು. ಗುಂಡಿನ ಮೇಲೆ ಬೆಳಕಿನ ಚುಕ್ಕೆ ಎಲ್ಲಿ ಬಿತ್ತು ಅಂತ ನೋಡಿ, ಬೆಳಕು ಯಾವ ದಿಕ್ಕಿನಿಂದ ಬಂತು ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಅದರಿಂದ ಪ್ರತಿ ಪಿಕ್ಸೆಲ್ಲಿನಲ್ಲೂ ಮೇಲ್ಮೈ ಯಾವ ಕಡೆ ವಾಲಿದೆ ಅಂತ ತಿಳಿಯುತ್ತದೆ. ಆಮೇಲೆ ಪರದೆಯ ಮೇಲೆ ಬೆಳಕನ್ನು ಇಲಿ ಹಿಡಿದು ಎಲ್ಲಿಗೆ ಬೇಕಾದರೂ ಎಳೆಯಬಹುದು. ಸಾಫ್ಟ್‌ವೇರ್ ಪುಕ್ಕಟೆ.

ಪುಕ್ಕಟೆ ಅಲ್ಲದ್ದು ಗುಂಡು. ಬೇರಿಂಗ್‌ಗೆ ಹಾಕುವ ಕಪ್ಪು ಸೆರಾಮಿಕ್ ಗುಂಡು ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. 6 ಮಿ.ಮೀ. ಅಂತ ಆರ್ಡರ್ ಮಾಡಿದೆ, 2 ಮಿ.ಮೀ. ಬಂತು. ಚಿತ್ರದಲ್ಲಿ ಗುಂಡು ಕನಿಷ್ಠ 250 ಪಿಕ್ಸೆಲ್ ಅಗಲ ಬೇಕು, ಇದು ಅದಕ್ಕೆ ಎಟುಕಲೇ ಇಲ್ಲ. ದೂರು ಬರೆದೆ. 'ನಿಮ್ಮ ಆರ್ಡರ್ ನಮಗೆ ಬಹಳ ಮುಖ್ಯ' ಅಂತ ಉತ್ತರ ಬಂತು. ಅದರ ಹಿಂದೆಯೇ ಇನ್ನೊಂದು ಪೊಟ್ಟಣ, ಅದರಲ್ಲಿ ಮತ್ತೆ 2 ಮಿ.ಮೀ. ಈಗ ನನ್ನ ಬಳಿ ಇಂಥ ಗುಂಡುಗಳ ರಾಶಿಯೇ ಇದೆ, ಯಾರಿಗಾದರೂ ಬೇಕಿದ್ದರೆ ಹೇಳಿ. ನಮ್ಮೂರಿನ ಪಂಕ್ಚರ್ ಅಂಗಡಿಯವನನ್ನು ಕೇಳಿದ್ದರೆ ಚಿಲ್ಲರೆ ಕಾಸಿಗೆ ಸರಿಯಾದ ಗಾತ್ರದ್ದನ್ನೇ ಎಣ್ಣೆ ಒರೆಸಿ ಕೊಡುತ್ತಿದ್ದ. ಕೊನೆಗೆ ಮಗಳ ಹಳೇ ಸರದಿಂದ ಒಂದು ಕಪ್ಪು ಮಣಿ ಬಿಚ್ಚಿಕೊಂಡೆ, ದಾರದ ತೂತು ಕೆಳಗೆ ಬರುವ ಹಾಗೆ ಅಂಟಿಸಿದೆ. ಮಗಳಿಗೆ ಇನ್ನೂ ಗೊತ್ತಿಲ್ಲ.

ಎರಡನೇ ಶತ್ರು ನೆಲ. ಇಲ್ಲಿನ ಹಳೇ ಮನೆಗಳ ಮಹಡಿ ಎಲ್ಲ ಮರದ ಹಲಗೆ. ನಾನು ಟಾರ್ಚ್ ಹಿಡಿದು ಸುತ್ತ ಒಂದು ಹೆಜ್ಜೆ ಇಟ್ಟರೆ ಟ್ರೈಪಾಡ್ ಕೂದಲಷ್ಟು ವಾಲುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಫೋಟೋಗಳನ್ನು ಒಂದರ ಮೇಲೊಂದು ಇಟ್ಟರೆ ಅಂಚೆಲ್ಲ ಕಲಸಿಹೋಗುತ್ತದೆ. ಎಲ್ಲ ಎತ್ತಿಕೊಂಡು ಕೆಳಗೆ ಅಡುಗೆಮನೆಯ ಕಾಂಕ್ರೀಟ್ ನೆಲಕ್ಕೆ ಬಂದೆ. ಅದೂ ರಾತ್ರಿ, ಫ್ರಿಜ್ ಆಫ್ ಮಾಡಿ. ಟಾರ್ಚ್‌ಗೆ ಒಂದು ದಾರ ಕಟ್ಟಿಕೊಂಡೆ. ದಾರದ ತುದಿ ನಾಣ್ಯದ ಹತ್ತಿರ ಬರುವಷ್ಟು ಬಿಗಿ ಹಿಡಿ, ದಾರ ಸರಿಸು, ಕ್ಲಿಕ್ ಮಾಡು. ಹೀಗೆ ಮಾಡಿದರೆ ಬೆಳಕಿನ ದೂರ ಎಲ್ಲ ಫೋಟೋದಲ್ಲೂ ಒಂದೇ ಇರುತ್ತದೆ. ನೆಲದಿಂದ 15 ಡಿಗ್ರಿಯಿಂದ ಶುರು ಮಾಡಿ 65ರವರೆಗೆ, ಸುತ್ತಲೂ. ಸೊಂಟ ಏನಾಯಿತು ಅಂತ ಕೇಳಬೇಡಿ.

ಇಷ್ಟೆಲ್ಲ ಮಾಡಿ ಕಂಪ್ಯೂಟರಿಗೆ ಹಾಕಿದರೆ ಸಾಫ್ಟ್‌ವೇರ್ ಮುಷ್ಕರ. ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಅದಕ್ಕೆ ಆಗುವುದಿಲ್ಲ. ಹಾಗಂತ ಬಾಯಿಬಿಟ್ಟು ಹೇಳುವುದೂ ಇಲ್ಲ, ಸುಮ್ನೆ ನಿಂತುಬಿಡುತ್ತದೆ. ನೀವೂ ಶುರು ಮಾಡುವುದಾದರೆ ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ.

ಆಮೇಲೆ ಸ್ಪೆಕ್ಯುಲರ್ ಎನ್‌ಹಾನ್ಸ್‌ಮೆಂಟ್ ಒತ್ತಿದೆ. ಇದು ಬಣ್ಣವನ್ನು ಬದಿಗೆ ಸರಿಸಿ, ಮೇಲ್ಮೈಗೆ ಮೆರುಗೆಣ್ಣೆ ಹಚ್ಚಿದಂತೆ ಆಕಾರವನ್ನಷ್ಟೇ ತೋರಿಸುತ್ತದೆ. ಹಸಿರು ಮಚ್ಚೆಗಳೆಲ್ಲ ಮಾಯ. ಬೆಳಕನ್ನು ಎಡಗಡೆಯಿಂದ ಮೆಲ್ಲಗೆ ಕೆಳಗೆ ಎಳೆದೆ. ಬಿಲ್ಲೆಯ ಅಡಿಯಲ್ಲಿ, ಅಂಚಿನ ಪಕ್ಕ, ಒಂದು ಗುಣಿಸು ಚಿಹ್ನೆ ಮೂಡಿತು. ಅದರ ಪಕ್ಕ ಇನ್ನೊಂದು. ಎರಡು ಎಕ್ಸ್!

ಯಾವ ಹಾಫ್‌ಪೆನ್ನಿಯಲ್ಲಿ ಎರಡು ಎಕ್ಸ್ ಇರುತ್ತದೆ? ಇರುವುದಿಲ್ಲ. ಆ ಕೊಂಕು ಗೀರುಗಳು ಪರ್ಶಿಯನ್ ಅಕ್ಷರಗಳು. ಇದು ಈಸ್ಟ್ ಇಂಡಿಯಾ ಕಂಪನಿಯವರು ಮದ್ರಾಸ್ ಪ್ರಾಂತ್ಯಕ್ಕಾಗಿ ಹೊಡೆಸಿದ 20 ಕಾಸು. ಪರ್ಶಿಯನ್ನಿನಲ್ಲಿ 'ಬೀಸ್ತ್ ಕಾಸ್ ಚಹಾರ್ ಫಲೂಸ್ ಅಸ್ತ್', ಅಂದರೆ 20 ಕಾಸಿಗೆ 4 ಫಲೂಸ್ (ಅದೂ ತಾಮ್ರದ ಚಿಲ್ಲರೆಯೇ). ಅದರ ಕೆಳಗೆ ಇಂಗ್ಲಿಷಿನಲ್ಲಿ ಬೆಲೆ, ಎಕ್ಸ್ ಎಕ್ಸ್ ಕ್ಯಾಷ್. ರೋಮನ್ ಅಂಕೆಯಲ್ಲಿ ಒಂದು ಎಕ್ಸ್ ಅಂದರೆ 10, ಎರಡು ಎಕ್ಸ್ ಅಂದರೆ 20. ತಿರುಗಿಸಿ ಇನ್ನೊಂದು ಮುಖ ಓಡಿಸಿದೆ. ನಾನು ರಾಜನ ಮುಖ ಹುಡುಕುತ್ತಿದ್ದ ಕಡೆ ಕಂಪನಿಯ ಲಾಂಛನ, ಗುರಾಣಿ ಹಿಡಿದ ಎರಡು ಸಿಂಹ. ನಾನು ಕಂಡ ಮೂಗು ಎಡಗಡೆ ಸಿಂಹದ ಮೊಣಕಾಲು.

ತೂಕದ ಒಗಟು ಕೂಡ ಇಲ್ಲಿಗೆ ಬಿಡಿಸಿಕೊಂಡಿತು. 20 ಕಾಸು ಹೊಸದಿದ್ದಾಗ 9 ಗ್ರಾಂ ಚಿಲ್ಲರೆ, ಅಗಲ 30 ಮಿ.ಮೀ. ಮೇಲೆ. ತೆಳು, ಅಗಲ. 1799ರ ಹಾಫ್‌ಪೆನ್ನಿ, 1806ರದ್ದು, ಈ ಕಾಸು, ಮೂರೂ ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಮ್ಯಾಥ್ಯೂ ಬೋಲ್ಟನ್‌ನ ಸೋಹೊ ಟಂಕಸಾಲೆಯಲ್ಲಿ, ಉಗಿಯಂತ್ರದ ಏಟಿಗೆ. ಒಂದೊಂದು ಔನ್ಸ್ ತೂಗುವ 1797ರ ದಪ್ಪ ಪೆನ್ನಿ ಮಾಡಿದವನೂ ಅವನೇ. ಅಂಚು, ದುಂಡು, ನಯ ಎಲ್ಲ ಅಣ್ಣತಮ್ಮಂದಿರ ಹಾಗಿದ್ದರೆ ಆಶ್ಚರ್ಯವೇನು!

ಮದ್ರಾಸಿಗೆ ಹೋಗಬೇಕಾದದ್ದು ಎಸೆಕ್ಸ್ ಮಣ್ಣಿಗೆ ಹೇಗೆ ಬಂತು? ಹಡಗಿನವನೊಬ್ಬನ ಜೇಬಿನಿಂದ ಲಂಡನ್ನಿನ ಬೀದಿಗೆ, ಬೀದಿಯಿಂದ ಗೊಬ್ಬರದ ದೋಣಿಗೆ ಅಂತ ನನ್ನ ಊಹೆ. ಹಾಫ್‌ಪೆನ್ನಿ ಅಂತ ಯಾರಿಗೋ ದಾಟಿಸಿರಲೂಬಹುದು, ಕತ್ತಲಲ್ಲಿ ಯಾರು ನೋಡುತ್ತಾರೆ.

ಇಸವಿ ನೋಡಿ ಇನ್ನಷ್ಟು ಕುಣಿದೆ. ಈ ಕಾಸು ಹೊಡೆದದ್ದು 1803 ಮತ್ತು 1808ರಲ್ಲಿ. ನನ್ನದರಲ್ಲಿ ಕೊನೆಯ ಅಂಕೆಯ ಎಡಭಾಗ 3ರ ಹಾಗೆ ತೆರೆದಿಲ್ಲ, ದುಂಡಗೆ ಕೂಡಿಕೊಂಡಿದೆ, ಹಾಗಾಗಿ 8 ಅನ್ನುತ್ತೇನೆ. 1808ರ ಕಾಸಿಗೆ ಒಂದು ದೊಡ್ಡ ಕಥೆ ಇದೆ. ಅದನ್ನು ಟನ್‌ಗಟ್ಟಲೆ ತುಂಬಿಕೊಂಡು ಮದ್ರಾಸಿಗೆ ಹೊರಟ 'ಅಡ್ಮಿರಲ್ ಗಾರ್ಡ್ನರ್' ಹಡಗು 1809ರ ಜನವರಿಯ ಬಿರುಗಾಳಿಗೆ ಸಿಕ್ಕಿ, ಕೆಂಟ್ ಕರಾವಳಿಯ ಗುಡ್‌ವಿನ್ ಸ್ಯಾಂಡ್ಸ್ ಮರಳುದಿಬ್ಬಕ್ಕೆ ಬಡಿದು ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಅದರಿಂದ ರಾಶಿ ರಾಶಿ ಕಾಸು ಎತ್ತಿದರು. ಈಗ ಅದು ಕಾನೂನಿನ ರಕ್ಷಣೆಯಲ್ಲಿರುವ ಹಡಗು, ಪರವಾನಗಿ ಇಲ್ಲದೆ ಯಾರೂ ಮುಟ್ಟುವ ಹಾಗಿಲ್ಲ. ಆ ಕಾಸು ಅಂಗಡಿಗಳಲ್ಲಿ ಸಿಗುತ್ತದೆ, ನೂರೆಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಮುದ್ರದಡಿ ಪೀಪಾಯಿಯಲ್ಲಿದ್ದರೂ ಎಷ್ಟೋ ನಾಣ್ಯಗಳಲ್ಲಿ ಅಕ್ಷರ ಚೊಕ್ಕವಾಗಿದೆ. ಹೊಲದ ನನ್ನ ಬಡಪಾಯಿ ಆ ಗುಂಪಿನದ್ದಲ್ಲ. ಹೋಲಿಸಿ ನೋಡಲು ಅಲ್ಲಿಂದ ಒಂದು ಕೊಳ್ಳಬೇಕು ಅಂತಿದ್ದೇನೆ. ಡಿಟೆಕ್ಟರ್ ಇಟ್ಟುಕೊಂಡು ದುಡ್ಡು ಕೊಟ್ಟು ನಾಣ್ಯ ಕೊಳ್ಳುವುದು ಅಂದರೆ ಮೀನುಗಾರ ಮಾರ್ಕೆಟ್ಟಿಗೆ ಹೋದ ಹಾಗೆ, ಗೊತ್ತು.

ಒಂಟಿ ತಾಮ್ರದ ನಾಣ್ಯ ಸಿಕ್ಕ ನಿಧಿಯನ್ನು ವರದಿ ಮಾಡಬೇಕು ಅನ್ನುವ ಇಲ್ಲಿನ 1996ರ ಟ್ರೆಷರ್ ಕಾಯ್ದೆಗೆ ಬರುವುದಿಲ್ಲ. ಜನರಿಗೆ ಸಿಕ್ಕ ಹಳೇ ವಸ್ತುಗಳ ಲೆಕ್ಕ ಇಡುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನವರು ಸಾಮಾನ್ಯವಾಗಿ 300 ವರ್ಷಕ್ಕಿಂತ ಹಳೆಯದನ್ನು ದಾಖಲಿಸುತ್ತಾರೆ, ಆದರೂ ತೋರಿಸಿ ಬರುತ್ತೇನೆ. ರೈತರಿಗೆ ಪರದೆಯ ಮೇಲೆ ಸಿಂಹಗಳನ್ನು ತೋರಿಸಿದೆ. 'ನನ್ನ ಆಲೂಗಡ್ಡೆಗಿಂತ ದೂರದಿಂದ ಬಂದಿದೆ, ಇಟ್ಟುಕೋ' ಅಂದರು.

ಡಿಟೆಕ್ಟರ್ ಊರಿಗೆ ತಾ, ಹಂಪಿ ಕಡೆ ಹೋಗೋಣ ಅನ್ನುವ ಗೆಳೆಯರಿಗೆ: ಬೇಡ, ಜೈಲೂಟ ನನಗೆ ಒಗ್ಗುವುದಿಲ್ಲ. ನಾನು ಊರಿಗೆ ತರುವುದು ಕ್ಯಾಮೆರಾ ಮತ್ತು ಮಣಿ. ದೊಡ್ಡಪ್ಪನ ಬೀರುವಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಯಿಲಿ ಕಾಸುಗಳ ಒಂದು ಡಬ್ಬಿ ಇದೆ. ಅದರಲ್ಲೂ ಇಂಗ್ಲಿಷಿನಲ್ಲಿ ಎಕ್ಸ್ ಎಕ್ಸ್ ಕ್ಯಾಷ್ ಅಂತ ಇದೆ, ಜೊತೆಗೆ ಕನ್ನಡವೂ ಇದೆ. ಅರ್ಧಕ್ಕರ್ಧ ಸವೆದುಹೋಗಿವೆ. ಟಿಪ್ಪುವಿನ ಆನೆ ಕಾಸುಗಳೂ ಒಂದೆರಡು ಇರಬೇಕು. ಅವುಗಳ ಮೇಲಿನ, ಟಿಪ್ಪುವೇ ಜಾರಿಗೆ ತಂದ ಮೌಲೂದಿ ಇಸವಿಯ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು, ಸವೆದದ್ದರಲ್ಲಿ ಯಾವುದು ಮೊದಲನೇ ಅಂಕೆ ಅಂತ ಹಿಡಿಯುವುದೇ ಒಂದು ಆಟ. ಎಲ್ಲವನ್ನೂ ಆರ್‌ಟಿಐ ಮಾಡಬೇಕು.

ಆದರೆ ದಾರ ಹಿಡಿದು ಮಂಡಿಯೂರಿ ಅಷ್ಟು ನಾಣ್ಯ ತೆಗೆದರೆ ಸೊಂಟ ಉಳಿಯುವುದಿಲ್ಲ. ಅದಕ್ಕೇ ಗುಮ್ಮಟ ಕಟ್ಟುತ್ತಿದ್ದೇನೆ. ಇಡ್ಲಿ ಹಿಟ್ಟು ಕಲಸುವ ದೊಡ್ಡ ಸ್ಟೀಲ್ ಬೋಗುಣಿ ಬೋರಲು, ಒಳಗೆ ಮಂಕು ಕಪ್ಪು ಬಣ್ಣ, ಸುತ್ತ ಎಲ್‌ಇಡಿ, ಮೇಲೆ ಲೆನ್ಸಿಗೆ ಒಂದು ತೂತು, ಒಂದೊಂದೇ ದೀಪ ಹೊತ್ತಿಸಿ ಕ್ಲಿಕ್ ಮಾಡಲು ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು. ಬೋಗುಣಿಗೆ ಹೆಂಡತಿಯ ಒಪ್ಪಿಗೆ ಸಿಕ್ಕಿದೆ, ಇನ್ನೂ ದೊಡ್ಡದೊಂದನ್ನು ಕೊಡಿಸುವ ಷರತ್ತಿನ ಮೇಲೆ. ಸ್ಟೀಲಿಗೆ ತೂತು ಕೊರೆಯುವ ಸ್ಟೆಪ್ ಬಿಟ್ ಮಾತ್ರ ಆ ಗುಂಡಿನ ಅಂಗಡಿಯಿಂದ ತರಿಸುವುದಿಲ್ಲ.