ಡಿಟೆಕ್ಟರ್ ನೆಲದ ಹತ್ತಿರವೇ ಇತ್ತು

ಚೌತಿಯ ಮೋದಕದ ಆರ್ಡರ್ ಇದ್ದುದರಿಂದ ಆ ದಿನ ನಾನೂ ಬೆಳಿಗ್ಗೆ ನಾಲ್ಕೂವರೆಗೇ ಹೋಟೆಲಿಗೆ ಬಂದಿದ್ದೆ. ಮುಂಬೈಯ ಮಾಟುಂಗಾದಲ್ಲಿ ಮಳೆ ಸುರಿಯುತ್ತಿತ್ತು. ಅಡುಗೆಯ ಭಟ್ಟರು ಕಿಚನ್ ಬಾಗಿಲು ತೆಗೆದರು. ಗ್ಯಾಸ್ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು.

"ಎಕ್ಸಾಸ್ಟ್ ಹಾಕೋಣ" ಎಂದು ನಾನೇ ಸ್ವಿಚ್ಚಿಗೆ ಕೈ ಚಾಚಿದೆ. ಬೆರಳು ಇನ್ನೇನು ತಾಗಬೇಕು, ಭಟ್ಟರು ನನ್ನ ಮಣಿಕಟ್ಟು ಹಿಡಿದು ಎಳೆದರು.

"ಮುಟ್ಬೇಡಿ ಮಾರಾಯ್ರೆ! ಕಿಡಿ ಹಾರಿದ್ರೆ ಮುಗೀತು."

ಚಾ ಮಾಡುವ ಹುಡುಗ ಮೊಬೈಲ್ ಟಾರ್ಚ್ ಹಾಕಲು ಹೊರಟ. ಅವನನ್ನು ರಸ್ತೆಗೆ ಕಳಿಸಿದೆವು. ಒಳಗೆ ಕತ್ತಲು. ಮೇನ್ ವಾಲ್ವ್ ಇದ್ದದ್ದು ಎಣ್ಣೆ ಟಿನ್ನುಗಳ ಹಿಂದೆ. ತಗಡಿಗೆ ತಗಡು ಉಜ್ಜದಂತೆ ಒಂದೊಂದೇ ಟಿನ್ನು ಎತ್ತಿ ಪಕ್ಕಕ್ಕಿಟ್ಟೆವು. ಮೂಲೆಯಲ್ಲಿ ಫ್ರಿಜ್ಜು ಗುರ್ ಎನ್ನುತ್ತಿತ್ತು. ಅದು ತಾನಾಗಿಯೇ ಆನ್ ಆಗುತ್ತದೆ, ತಾನಾಗಿಯೇ ಆಫ್ ಆಗುತ್ತದೆ, ಅಲ್ಲೂ ಕಿಡಿ ಹಾರಬಹುದು ಅಂತ ಆಗ ಹೊಳೆಯಿತು. ಬೆನ್ನಲ್ಲಿ ಬೆವರು ಇಳಿಯಿತು. ಭಟ್ಟರು ಕೈಯಲ್ಲೇ ತಡವಿ ವಾಲ್ವ್ ತಿರುಗಿಸಿದರು. ಹಿಂಬಾಗಿಲು ತೆರೆದಿಟ್ಟು ಹೊರಗೆ ಬಂದು, ಗ್ಯಾಸ್‌ನವರಿಗೆ ಫೋನ್ ಮಾಡಿ, ಮಳೆಯಲ್ಲೇ ನಿಂತೆವು.

ಇಷ್ಟೆಲ್ಲ ಆದರೂ, ಗ್ಯಾಸ್ ಸೋರಿದರೆ ಕೂಗಬೇಕಾದ ಡಿಟೆಕ್ಟರ್ ಒಮ್ಮೆಯೂ ಕೂಗಿರಲಿಲ್ಲ.

ಕಾರಣ ನಾನು. ಮೊದಲು ನಮ್ಮಲ್ಲಿ 19 ಕೆಜಿಯ ಸಿಲಿಂಡರುಗಳಿದ್ದವು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಅದಕ್ಕೇ ಡಿಟೆಕ್ಟರನ್ನು ನೆಲದಿಂದ ಒಂದಡಿ ಮೇಲೆ ಕೂರಿಸಿದ್ದೆವು. ಆಮೇಲೆ ಪೈಪ್ ಗ್ಯಾಸ್ ಬಂತು. ಅದು ಹೆಚ್ಚಾಗಿ ಮೀಥೇನ್, ಗಾಳಿಗಿಂತ ಹಗುರ, ನೇರ ಸೂರಿಗೆ ಏರುತ್ತದೆ. ಗಾಳಿಯಲ್ಲಿ ನೂರಕ್ಕೆ 5ರಿಂದ 15ರಷ್ಟು ಸೇರಿದರೆ ಒಂದು ಕಿಡಿ ಸಾಕು. ಯಾವ ಅಪಾಯ ಎಷ್ಟು ಎಂದು ಲೆಕ್ಕ ಹಾಕುವ ರಿಸ್ಕ್ ಅಸೆಸ್‌ಮೆಂಟ್ ಶೀಟಿನಲ್ಲಿ ನಾನು 'ಸಿಲಿಂಡರ್' ಅಳಿಸಿ 'ಪೈಪ್' ಅಂತ ಬರೆದೆ, ಅಷ್ಟೇ. ಡಿಟೆಕ್ಟರ್ ಇದೆಯಲ್ಲ ಎಂದು ಸಾಧ್ಯತೆಗೆ 1 ಹಾಕಿದೆ, ಪರಿಣಾಮಕ್ಕೆ 5. ಗುಣಿಸಿದರೆ 5, ಹಸಿರು ಬಣ್ಣ, ಅಂದರೆ ಅಪಾಯ ಕಡಿಮೆ. ಇದನ್ನೆಲ್ಲ ಬರೆದದ್ದು ಗಲ್ಲಾದಲ್ಲಿ ಕೂತು. ಎದ್ದು ಒಳಗೆ ಹೋಗಿ ನೋಡಿರಲಿಲ್ಲ.

2017ರ ಡಿಸೆಂಬರ್ 29ರಂದು ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಪಬ್ಬುಗಳಿಗೆ ಬಿದ್ದ ಬೆಂಕಿಯಲ್ಲಿ 14 ಜನ ಸತ್ತರು. ಆಮೇಲೆ ತಪಾಸಣೆ ಜಾಸ್ತಿಯಾಯಿತು, ನಮ್ಮ ಫೈಲೂ ದಪ್ಪವಾಯಿತು. ಬೆಂಕಿ ಸುರಕ್ಷತೆಯ ಸಾಧನಗಳು ಸರಿಯಾಗಿವೆ ಎನ್ನುವ ಸರ್ಟಿಫಿಕೇಟು, ಫಾರ್ಮ್ ಬಿ, ತಪ್ಪದೆ ಹೋಗುತ್ತದೆ. ಧನಿಗಳು ಕೇಳುವುದೂ ಅದನ್ನೇ, "ಪೇಪರ್ ಸರಿ ಇದೆಯಾ?" ಆ ಪೇಪರಿಗೆ ಭಟ್ಟರ ಮಾತು ಒಂದೂ ಸೇರಿರಲಿಲ್ಲ. ಕಾವಲಿಯ ಹಿಂದಿನ ಹೋಸು ಬಿಸಿಗೆ ಒಣಗಿ ಬಿರುಕು ಬಿಟ್ಟಿದ್ದು ಅವರಿಗೆ ಎರಡು ದಿನದ ಹಿಂದೆಯೇ ಕಂಡಿತ್ತಂತೆ. ಕ್ಲೀನರ್ ಹುಡುಗನ ಹತ್ತಿರ ಹೇಳಿದ್ದರು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಯಾವತ್ತೂ ಕೇಳ್ಲಿಲ್ಲ ಅಲ್ವಾ" ಎಂದರು. ಸಿಟ್ಟಿನಿಂದಲ್ಲ, ಸುಮ್ನೆ ಹೇಳಿದರು. ಅದು ಇನ್ನೂ ಚುಚ್ಚುತ್ತದೆ.

ಶೀಟನ್ನು ಹೊಸದಾಗಿ ಬರೆದೆವು, ಕಿಚನ್ನಿನಲ್ಲೇ ನಿಂತು, ಭಟ್ಟರು ಹೇಳಿದ ಹಾಗೆ. ಪೈಪ್ ಗ್ಯಾಸಿಗೆ ಆಗುವ ಡಿಟೆಕ್ಟರ್ ಈಗ ಸೂರಿನಿಂದ ಒಂದು ಗೇಣು ಕೆಳಗಿದೆ. ವಾಲ್ವ್ ಮುಂದೆ ನೆಲಕ್ಕೆ ಹಳದಿ ಬಣ್ಣ ಬಳಿದಿದ್ದೇವೆ. ನಿನ್ನೆ ರಾತ್ರಿ ನೋಡಿದರೆ ಆ ಹಳದಿಯ ಮೇಲೆ ಮತ್ತೆ ಮೂರು ಎಣ್ಣೆ ಟಿನ್ನು. ಹುಡುಗರನ್ನು ಬೈದು ಏನು ಪ್ರಯೋಜನ, ಸಾಮಾನು ರೂಮಿನಲ್ಲಿ ಜಾಗವೇ ಇಲ್ಲ. ರ‍್ಯಾಕ್ ಬೇಕೆಂದು ಧನಿಗಳಿಗೆ ಎರಡು ಸಲ ಚೀಟಿ ಕೊಟ್ಟಾಯಿತು. ನಾಳೆ ಮೂರನೆಯದು ಕೊಡುತ್ತೇನೆ.